ರೆಕಾರ್ಡಿಂಗ್‌ನಲ್ಲಿ ಬೇಸ್ ಗಿಟಾರ್ ದಪ್ಪಗೆ ಕೇಳಿಸಬೇಕು, ಏನು ಮಾಡಲಿ?

ದಾವಣಗೆರೆ_ಬೇಸ್:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಒಂದು ಭಾವಗೀತೆಗೆ ಬೇಸ್ ರೆಕಾರ್ಡ್ ಮಾಡುತ್ತಿದ್ದೇನೆ. ಪ್ರೆಸಿಷನ್ ಮಾದರಿಯ ನಾಲ್ಕು ತಂತಿಯ ಗಿಟಾರ್, ಹೊಸ ರೌಂಡ್‌ವೂಂಡ್ (ದುಂಡು ಸರಿಗೆ ಸುತ್ತಿದ) ತಂತಿ. ಆಂಪ್ ಇಲ್ಲ. ಕೇಬಲ್ ನೇರವಾಗಿ ಇಂಟರ್‌ಫೇಸ್‌ಗೆ (ಗಿಟಾರ್ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಡಬ್ಬಿ), ಅಲ್ಲಿಂದ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೆ. ಒಂಟಿಯಾಗಿ ಕೇಳಿದರೆ ಪರವಾಗಿಲ್ಲ. ತಬಲಾ, ಕೀಬೋರ್ಡ್ ಸೇರಿಸಿದ ಕೂಡಲೇ ತೆಳ್ಳಗಾಗಿ ಎಲ್ಲೋ ಹಿಂದೆ ಹೋಗಿಬಿಡುತ್ತದೆ. ಈಕ್ಯೂನಲ್ಲಿ (ಸದ್ದಿನ ಒಂದೊಂದು ಭಾಗವನ್ನು ಏರಿಸಿ ಇಳಿಸುವ ಪ್ಲಗಿನ್) 50 ಹರ್ಟ್ಸ್ ಹತ್ತಿರ 8 ಡಿಬಿ ಏರಿಸಿದೆ, ನನ್ನ ರೂಮಲ್ಲಿ ಸರಿ ಅನ್ನಿಸಿತು. ಅಣ್ಣನ ಕಾರಲ್ಲಿ ಹಾಕಿದರೆ ಬಾಗಿಲೆಲ್ಲ ಗಡಗಡ. ಫೋನಲ್ಲಿ ಹಾಕಿದರೆ ಬೇಸ್ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ರೂಮು 10ಕ್ಕೆ 10 ಅಡಿ, ಟೇಬಲ್ಲು ನಡುವೆ ಇದೆ. ಯಾವ ಪ್ಲಗಿನ್ ತಗೊಳ್ಳಲಿ?

ಗುಂಡ_5ತಂತಿ:
ಐದು ತಂತಿಯದು ತಗೋ ಗುರು. ಲೋ ಬಿ ಇದ್ದರೆ ತಾನೇ ದಪ್ಪ!

ಹಳೇ_ಆರ್ಕೆಸ್ಟ್ರಾ_ಮೈಸೂರು:
ಏನೂ ತಗೋಬೇಡಿ. ಐದನೇ ತಂತಿಯೂ ಬೇಡ. ಲೋ ಬಿ ಅಂದರೆ 31 ಹರ್ಟ್ಸ್. ಇ ತಂತಿಯ 41 ಹರ್ಟ್ಸೇ ಕೇಳಿಸದ ಕಡೆ ಅದನ್ನು ಯಾರಿಗೆ ಕೇಳಿಸುತ್ತೀರಿ?

ನಾನು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿಕೊಂಡು ಬಂದವನು. ಈಗ ಮನೆ ಮಹಡಿಯಲ್ಲಿ ಚಿಕ್ಕ ಸ್ಟುಡಿಯೋ ಇಟ್ಟಿದ್ದೇನೆ. ಬರುವ ಹುಡುಗರೆಲ್ಲ ದಪ್ಪ ಸೌಂಡು ಬೇಕು ಅಂತ ಈಕ್ಯೂನ ಎಡತುದಿ ಹಿಡಿದು ಎಬ್ಬಿಸುತ್ತಾರೆ. ದಪ್ಪ ಅಲ್ಲಿಲ್ಲ. ಓಪನ್ ಇ ನುಡಿಸಿದಾಗ 41ರ ಜೊತೆಗೆ 82, 123, 164 ಹೀಗೆ ಮೇಲಿನ ಸ್ವರಗಳೂ ಹೊರಡುತ್ತವೆ. ನಮ್ಮ ಕಿವಿ ದಪ್ಪ ಅಂತ ಹಿಡಿಯುವುದು ಹೆಚ್ಚಾಗಿ 80ರಿಂದ 250ರೊಳಗಿನದನ್ನು. ಫೋನಿನ ಸ್ಪೀಕರಿಗೆ ಅದೂ ಸರಿಯಾಗಿ ದಕ್ಕುವುದಿಲ್ಲ, ಅಲ್ಲಿ 500, 800ರ ಗೊರಗೊರ ಇದ್ದರಷ್ಟೇ ಬೇಸ್ ಲೈನು ಗುರುತು ಸಿಗುತ್ತದೆ.

ಇನ್ನು ನಿಮ್ಮ ರೂಮು. ಹತ್ತು ಅಡಿ ಅಂತರದ ಎರಡು ಗೋಡೆ ನಡುವೆ 56 ಹರ್ಟ್ಸ್ ಹತ್ತಿರದ ಅಲೆ ನಿಂತುಬಿಡುತ್ತದೆ. ಓಪನ್ ಎ ತಂತಿ 55 ಹರ್ಟ್ಸ್! ಗೋಡೆ ಪಕ್ಕ ಅದು ಮೊರೆಯುತ್ತದೆ, ಸರಿಯಾಗಿ ನಡುವೆ ಕೂತವರಿಗೆ ಸತ್ತೇ ಹೋಗಿರುತ್ತದೆ. ಉದ್ದ, ಅಗಲ ಎರಡೂ ಒಂದೇ ಆದ್ದರಿಂದ ನಿಮಗೆ ಎರಡು ಪಟ್ಟು ತೊಂದರೆ. ನೀವು ಕೂತಿರುವುದು ನಡುವೆ, ಏರಿಸಿದ್ದು 50. ಕಾರು ಗಡಗಡ ಅನ್ನದೆ ಇನ್ನೇನು ಮಾಡುತ್ತದೆ? ಬೇಕಾದರೆ ಈಗಲೇ ಎ ನೋಟನ್ನು ಲೂಪಿಗೆ ಹಾಕಿ, ಎದ್ದು ಮೂಲೆಗೆ ನಡೆದು ಹೋಗಿ. ಟೇಬಲ್ಲನ್ನು ಒಂದು ಗೋಡೆ ಕಡೆ ಸರಿಸಿ. ಆ 8 ಡಿಬಿ ತೆಗೆದುಹಾಕಿ. ಈಕ್ಯೂನಲ್ಲಿ 35 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ.

ಆಮೇಲೆ ಕೈ. ಬ್ರಿಡ್ಜ್ ಹತ್ತಿರ ಮೀಟುತ್ತಿದ್ದರೆ ಬೆರಳನ್ನು ಫ್ರೆಟ್‌ಬೋರ್ಡ್ ಮುಗಿಯುವ ಕಡೆಗೆ ತನ್ನಿ. ಇಂಟರ್‌ಫೇಸಿನ ಗೇನ್ ಏರಿಸಿ, ಮೆಲ್ಲಗೆ ಮೀಟಿ. ಜೋರಾಗಿ ಹೊಡೆದರೆ ತಂತಿ ಫ್ರೆಟ್ಟಿಗೆ ಬಡಿದು ಟಪ್ ಅನ್ನುತ್ತದೆ, ಸ್ವರ ಅಲ್ಲೇ ಸಣ್ಣಗಾಗುತ್ತದೆ. ಟೋನ್ ನಾಬ್ ಅರ್ಧಕ್ಕಿಂತ ಕೆಳಗಿರಲಿ. ಪಾತ್ರೆ ತೊಳೆಯುವ ಸ್ಪಾಂಜನ್ನು ಬೆರಳಗಲ ಕತ್ತರಿಸಿ, ಬ್ರಿಡ್ಜ್ ಪಕ್ಕ ತಂತಿಗಳ ಕೆಳಗೆ ತುರುಕಿ. ತಂತಿಗೆ ಸುಮ್ನೆ ತಾಗಬೇಕಷ್ಟೆ, ಒತ್ತಬಾರದು. ಸ್ವರ ಬೇಗ ನಿಲ್ಲುತ್ತದೆ, ಮೊದಲ ಪೆಟ್ಟು ಗುಂಡಗೆ ಬರುತ್ತದೆ.

ನಗಬೇಡಿ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ನುಡಿಸುತ್ತಿದ್ದುದು ಬಹುತೇಕ ಇದೇ ದಾರಿಯಲ್ಲಿ. 1962ರ ಫೆಂಡರ್ ಪ್ರೆಸಿಷನ್, ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮ್, ಬದಲಾಯಿಸದೆ ಹಾಗೇ ಬಿಟ್ಟ ಫ್ಲಾಟ್‌ವೂಂಡ್ (ಚಪ್ಪಟೆ ಸರಿಗೆ ಸುತ್ತಿದ) ತಂತಿ, ಮೀಟಲು ತೋರುಬೆರಳು ಒಂದೇ. ಹೆಚ್ಚಾಗಿ ಆಂಪ್ ಇಲ್ಲದೆ ನೇರ ಮಿಕ್ಸರಿಗೆ. ನೀವೂ ಒಂದು ಸೆಟ್ ಫ್ಲಾಟ್‌ವೂಂಡ್ ಹಾಕಿ. ದುಬಾರಿ, ಆದರೆ ವರ್ಷಗಟ್ಟಲೆ ಬರುತ್ತದೆ.

ಮತ್ತೊಂದು, ಭಾವಗೀತೆ ಅಂದಿರಿ. ನಿಮ್ಮ ಬೇಸಿಗೆ ಜಗಳ ಇರುವುದು ಡಗ್ಗಾ (ತಬಲಾ ಜೋಡಿಯ ದೊಡ್ಡದು) ಜೊತೆ. ಡಗ್ಗಾದ ಗುಂಕಿಯೂ (ಜಾರುವ ಗುಂಯ್ ಸದ್ದು) 100ರ ಆಸುಪಾಸಿನಲ್ಲೇ ಓಡಾಡುತ್ತದೆ. ತಬಲಾದವರು ಮಣಿಕಟ್ಟು ಒತ್ತಿ ಗುಂಕಿ ಜಾರಿಸುವ ಜಾಗದಲ್ಲಿ ನೀವು ಉದ್ದ ನೋಟು ಹಿಡಿದರೆ ಇಬ್ಬರೂ ಕೆಸರು. ಅಲ್ಲಿ ನೋಟು ಬಿಡಿ. ಕೀಬೋರ್ಡಿನವರ ಎಡಗೈಯನ್ನೂ ಸ್ವಲ್ಪ ಕಟ್ಟಿಹಾಕಿ, ಅವರು ಕೆಳಗಿನ ಸ್ವರಗಳಲ್ಲಿ ಕಾರ್ಡ್ ಒತ್ತಿ ಹಿಡಿದರೆ ನಿಮಗೆ ಜಾಗವೇ ಇರುವುದಿಲ್ಲ.

ಕೇಬಲ್_ಕುಮಾರಿ:
ಅಂಕಲ್ ಹೇಳಿದ್ದೆಲ್ಲ ಸರಿ. ಆದರೆ ಮೊದಲು ಒಂದು ನೋಡಿ, ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝೀ ಬಟನ್ ಒತ್ತಿದ್ದೀರಾ? ಪ್ಯಾಸಿವ್ (ಬ್ಯಾಟರಿ ಇಲ್ಲದ) ಪಿಕಪ್ಪಿಗೆ 1 ಮೆಗಾಓಮ್ ಸುತ್ತಮುತ್ತಲಿನ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಅಂದರೆ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋಓಮ್. ಅದಕ್ಕೆ ಚುಚ್ಚಿದರೆ ಸಿಗ್ನಲ್ ಅಲ್ಲೇ ಕುಸಿದು ಮಂಕಾಗುತ್ತದೆ. ಆಮೇಲೆ ಯಾವ ಈಕ್ಯೂ ಹಾಕಿದರೂ ಜೀವ ಬರುವುದಿಲ್ಲ.

ಫೋನಲ್ಲಿ ಕೇಳಿಸಬೇಕಾದರೆ ಟ್ರ್ಯಾಕನ್ನು ಡೂಪ್ಲಿಕೇಟ್ ಮಾಡಿ. ಮೊದಲನೆಯದರಲ್ಲಿ 250ರ ಮೇಲಿನದನ್ನು ಕತ್ತರಿಸಿ, ಶುದ್ಧವಾಗಿ ಬಿಡಿ. ಎರಡನೆಯದರಲ್ಲಿ 250ರ ಕೆಳಗಿನದನ್ನು ತೆಗೆದು ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒಡೆಸುವುದು) ಹಾಕಿ. ಆಮೇಲೆ ಎರಡಕ್ಕೂ ಸೇರಿಸಿ ಒಂದು ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಪ್ಲಗಿನ್): ರೇಷಿಯೋ 4:1, ಅಟ್ಯಾಕ್, ಅಂದರೆ ಅದು ಹಿಡಿತಕ್ಕೆ ಬರುವ ಸಮಯ, 20ರಿಂದ 30 ಮಿಲಿಸೆಕೆಂಡ್. ಅಟ್ಯಾಕ್ ತೀರಾ ಕಮ್ಮಿ ಮಾಡಿದರೆ ಬೆರಳಿನ ಪೆಟ್ಟನ್ನೇ ನುಂಗಿಬಿಡುತ್ತದೆ. ರೀಪರ್ ಜೊತೆ ಬರುವ ಪ್ಲಗಿನ್ನುಗಳೇ ಸಾಕು.

ದಾವಣಗೆರೆ_ಬೇಸ್:
ಬಟನ್ ಒತ್ತಿಯೇ ಇದೆ ಮೇಡಂ. ಡಿಸ್ಟಾರ್ಷನ್ ಅಂದಿರಲ್ಲ, ಭಾವಗೀತೆಗೆ ಅದು ಒರಟಾಗಲ್ವಾ?

ಕೇಬಲ್_ಕುಮಾರಿ:
ಅದೊಂದನ್ನೇ ಕೇಳಿದರೆ ಅಸಹ್ಯವಾಗಿಯೇ ಇರುತ್ತದೆ, ಸೋಲೋ ಬಟನ್ ಮುಟ್ಟಲೇಬೇಡಿ. ಹಾಡು ಓಡುತ್ತಿರುವಾಗ ಆ ಎರಡನೇ ಟ್ರ್ಯಾಕಿನ ಫೇಡರ್ ಪೂರ್ತಿ ಕೆಳಗಿಟ್ಟು ಮೆಲ್ಲಗೆ ಏರಿಸಿ. ಒರಟು ಕಿವಿಗೆ ಬಿದ್ದ ಕಡೆ ನಿಲ್ಲಿಸಿ, ಅಲ್ಲಿಂದ 2-3 ಡಿಬಿ ಇಳಿಸಿ. ಆಮೇಲೆ ಮ್ಯೂಟ್ ಮಾಡಿ ನೋಡಿ, ಬೇಸ್ ಸಣ್ಣಗಾದ ಹಾಗೆ ಅನ್ನಿಸಿದರೆ ಅಷ್ಟೇ ಸಾಕು.

ಹಳೇ_ಆರ್ಕೆಸ್ಟ್ರಾ_ಮೈಸೂರು:
ಡಿಸ್ಟಾರ್ಷನ್ ನನಗೆ ಅಷ್ಟಾಗಿ ಇಷ್ಟವಿಲ್ಲ, ಆದರೆ ಫೋನಿಗೆ ಅದು ಬೇಕು, ಒಪ್ಪಿದೆ. ಫ್ಲಾಟ್‌ವೂಂಡ್ ಹಾಕಿದ ಮೇಲೆ ನೆಕ್ ಒಮ್ಮೆ ನೋಡಿಕೊಳ್ಳಿ, ಅವು ಸಾಮಾನ್ಯವಾಗಿ ಜಾಸ್ತಿ ಎಳೆಯುತ್ತವೆ. ನೆಕ್ ಒಳಗಿನ ಟ್ರಸ್ ರಾಡ್ (ಬಾಗು ಸರಿಪಡಿಸುವ ಸರಳು) ತಿರುಗಿಸುವುದಿದ್ದರೆ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ.