ಮಗ ತಲೆ ವಾಲಿಸಿ ನೋಡುತ್ತಾನೆ, ಅಜ್ಜನೂ ಹಾಗೇ ನೋಡುತ್ತಿದ್ದರು: ತೊಂದರೆ ಕತ್ತಿನದಾ, ಕಣ್ಣಿನದಾ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಟಿವಿ ನೋಡಲಿ, ಊಟಕ್ಕೆ ಕೂರಲಿ, ತಲೆ ಎಡಭುಜದ ಕಡೆ ವಾಲಿರುತ್ತೆ. ಕತ್ತು ಹಿಡಿದಿದೆ ಅಂದರು, ಫಿಸಿಯೋಥೆರಪಿ ಮಾಡಿಸಿದೆವು, ಏನೂ ಬದಲಾಗಲಿಲ್ಲ. ನಮ್ಮ ಮಾವನವರು ಕೊನೆವರೆಗೂ ಹೀಗೇ ಓರೆಯಾಗಿ ನೋಡುತ್ತಿದ್ದರಂತೆ. ಯಜಮಾನರಿಗೂ ಸ್ವಲ್ಪ ಇದೆ. ಅದಕ್ಕೆ ಅತ್ತೆ 'ಅಜ್ಜನ ಚಾಳಿ, ಬಿಡು' ಅಂತಾರೆ. ಈಗ ಕಣ್ಣಿನ ಡಾಕ್ಟರ್ ಒಬ್ಬರು ಬಲಗಣ್ಣಿನ ನಾಲ್ಕನೇ ನರದ ಪಾಲ್ಸಿ, ಹುಟ್ಟಿನಿಂದಲೇ ಇದೆ ಅಂದರು. ಪಾಲ್ಸಿ ಅಂದ್ರೆ ಲಕ್ವ ಅಲ್ವಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ (ಮಕ್ಕಳ ಕಣ್ಣಿನ ವೈದ್ಯೆ): ಮೊದಲು ನಿದ್ದೆ ಮಾಡಿ. ಇದು ಮೈಗೆ ಹೊಡೆಯುವ ಲಕ್ವ ಅಲ್ಲ, ಮುಂದೆ ಕೈಕಾಲಿಗೆ ಹರಡುವುದೂ ಇಲ್ಲ. ಒಂದೇ ಒಂದು ಸಣ್ಣ ಸ್ನಾಯುವಿನ ಬಲ ಕಡಿಮೆ, ಅಷ್ಟೇ.

ಒಂದೊಂದು ಕಣ್ಣನ್ನು ತಿರುಗಿಸೋಕೆ ಆರು ಸ್ನಾಯುಗಳಿವೆ. ಅದರಲ್ಲಿ ಸುಪೀರಿಯರ್ ಆಬ್ಲಿಕ್ (ಮೇಲಿನ ಓರೆ ಸ್ನಾಯು) ಅನ್ನುವುದು ಮೂಗಿನ ಪಕ್ಕ, ಹುಬ್ಬಿನ ಕೆಳಗಿರುವ ಒಂದು ಕುಣಿಕೆಯ ಒಳಗೆ ತೂರಿ ಬಂದು, ಬಾವಿಯ ರಾಟೆ ಮೇಲಿನ ಹಗ್ಗದ ಹಾಗೆ ದಿಕ್ಕು ಬದಲಿಸಿ ಕಣ್ಣುಗುಡ್ಡೆಗೆ ಸೇರುತ್ತೆ. ಕಣ್ಣನ್ನು ಕೆಳಗೆ ಇಳಿಸುವುದು, ಕಣ್ಣಿನ ಮೇಲಂಚನ್ನು ಮೂಗಿನ ಕಡೆಗೆ ಸ್ವಲ್ಪ ಹೊರಳಿಸುವುದು ಅದರ ಕೆಲಸ. ಈ ಒಂದು ಸ್ನಾಯುವಿಗಾಗಿಯೇ ಇರುವುದು ನಾಲ್ಕನೇ ನರ, ಅಂದರೆ ಮಿದುಳಿನಿಂದ ನೇರವಾಗಿ ಹೊರಡುವ ನರಗಳ ಸಾಲಿನಲ್ಲಿ ನಾಲ್ಕನೆಯದು. ಬಹಳ ತೆಳ್ಳಗಿನ ನರ ಅದು. ಹುಟ್ಟಿನಿಂದ ತೊಂದರೆ ಇರುವ ಎಷ್ಟೋ ಮಕ್ಕಳಿಗೆ ಎಂಆರ್‌ಐ ಮಾಡಿದರೆ ಆ ಕಡೆಯ ನರ ಕಾಣುವುದೇ ಇಲ್ಲ, ಸ್ನಾಯುವೂ ಸೊರಗಿರುತ್ತೆ. ಅಂದರೆ ಗರ್ಭದಲ್ಲೇ ಅದು ಸರಿಯಾಗಿ ಬೆಳೆದಿಲ್ಲ. ಬಸುರಿಯಾಗಿದ್ದಾಗ ನೀವು ತಿಂದದ್ದು, ಎತ್ತಿದ್ದು ಯಾವುದೂ ಕಾರಣ ಅಲ್ಲ.

ಈ ಸ್ನಾಯು ಸೋತರೆ ಬಲಗಣ್ಣು ಸ್ವಲ್ಪ ಮೇಲಕ್ಕೆ ಸರಿಯುತ್ತೆ. ಒಂದೇ ವಸ್ತು ಎರಡಾಗಿ, ಒಂದರ ಮೇಲೊಂದು ಕಾಣಬೇಕು. ತಲೆ ಎಡಕ್ಕೆ ವಾಲಿಸಿದರೆ ಬಲಗಣ್ಣಿಗೆ ಆ ಸ್ನಾಯುವಿನ ಅಗತ್ಯ ಕಡಿಮೆಯಾಗಿ ಎರಡೂ ಚಿತ್ರ ಕೂಡಿಕೊಳ್ಳುತ್ತವೆ. ನಿಮ್ಮ ಮಗ ಅದನ್ನು ತಾನೇ ಕಂಡುಕೊಂಡಿದ್ದಾನೆ. ಹಾಗಾಗಿ 'ತಲೆ ನೆಟ್ಟಗಿಡು' ಅಂತ ಗದರಬೇಡಿ, ಕತ್ತಿಗೆ ಪಟ್ಟಿ ಕಟ್ಟಬೇಡಿ. ತಲೆ ನೆಟ್ಟಗಾದ ತಕ್ಷಣ ಅವನ ಎರಡು ಕಣ್ಣಿನ ಹೊಂದಾಣಿಕೆ ಹೋಗುತ್ತೆ.

ಪ್ರಶ್ನೆ: ಕತ್ತಿನದಲ್ಲ ಅಂತ ಹೇಗೆ ಖಾತ್ರಿ?

ಉತ್ತರ: ಮಲಗಿ ನಿದ್ದೆ ಹತ್ತಿದಾಗ ಅವನ ತಲೆಯನ್ನು ಮೆಲ್ಲಗೆ ಎರಡೂ ಕಡೆ ವಾಲಿಸಿ ನೋಡಿ. ಸಲೀಸಾಗಿ ಹೋಗುತ್ತೆ ಅಂದರೆ ಕತ್ತು ಬಿಗಿದಿಲ್ಲ. ಎಚ್ಚರ ಇದ್ದಾಗ ಒಂದು ಕಣ್ಣು ಮುಚ್ಚಿ ಕಾರ್ಟೂನ್ ತೋರಿಸಿ. ಎರಡು ಚಿತ್ರ ಕೂಡಿಸುವ ಕೆಲಸವೇ ಇಲ್ಲವಲ್ಲ, ತುಂಬಾ ಮಕ್ಕಳಲ್ಲಿ ತಲೆ ತಾನಾಗೇ ನೆಟ್ಟಗಾಗುತ್ತೆ. ಇನ್ನೊಂದು, ತಲೆಯನ್ನು ಬಲಕ್ಕೆ ವಾಲಿಸಿ ಮುಖ ನೋಡಿ. ಬಲಗಣ್ಣು ಮೇಲೆ ಏರುವುದು ನಿಮಗೇ ಕಾಣಬಹುದು. ಬೀಲ್ಶೌಸ್ಕಿ ಅನ್ನುವ ಜರ್ಮನ್ ವೈದ್ಯರ ಹೆಸರಿನ ಈ ಪರೀಕ್ಷೆಯನ್ನು ನಾವು ಇವತ್ತಿಗೂ ದಿನಾ ಮಾಡುತ್ತೇವೆ, ಯಂತ್ರ ಏನೂ ಬೇಡ. ಕತ್ತಿನದೇ ಸಮಸ್ಯೆಯಾಗಿದ್ದರೆ ಸಾಮಾನ್ಯವಾಗಿ ಹುಟ್ಟಿದ ಮೊದಲ ವಾರ, ತಿಂಗಳುಗಳಲ್ಲೇ ಗೊತ್ತಾಗುತ್ತೆ, ಸ್ನಾಯು ಕೈಗೆ ಗಟ್ಟಿಯಾಗಿ ಸಿಗುತ್ತೆ. ಕಣ್ಣಿನ ವಾಲಿಕೆ ಮಗು ಕತ್ತು ನಿಲ್ಲಿಸಿ ಕೂರಲು ಕಲಿತ ಮೇಲೆ ಕಾಣಿಸಿಕೊಳ್ಳುತ್ತೆ.

ಮಧ್ಯೆ ಇನ್ನೊಬ್ಬರು: ಇವರದು ಸೋದರಮಾವನ ಸಂಬಂಧವಾ? ಅದಕ್ಕೇ ಇರಬೇಕು.

ಉತ್ತರ: ಏನೇ ಬಂದರೂ ಸಂಬಂಧದ ಮದುವೆ ಮೇಲೆ ಹಾಕುವುದು ನಮ್ಮಲ್ಲಿ ಜಾಸ್ತಿ! ಅಜ್ಜ, ಅಪ್ಪ, ಮಗ ಅಂತ ತಲೆಮಾರು ತಪ್ಪದೆ ಬಂದಿದ್ದರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದ ಒಂದು ಬದಲಾದ ಜೀನ್ ಸಾಕು, ಸಂಬಂಧದ ಮದುವೆ ಬೇಕಾಗಿಲ್ಲ. ಆಗ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸುಮಾರು 50%. ಆದರೆ ನಾಲ್ಕನೇ ನರದ ತೊಂದರೆ ಇರುವ ಬಹುತೇಕ ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಇರುವುದಿಲ್ಲ, ಇವರ ಮನೆಯಂಥದ್ದು ಅಪರೂಪ. ಯಜಮಾನರ ಕಣ್ಣನ್ನೂ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಅದೇ ಇನ್ನೊಬ್ಬರು: ನನ್ನ ಅಕ್ಕನ ಮಗಳಿಗೆ ಎಡಗಣ್ಣು ಹೊರಗಡೆ ತಿರುಗುವುದೇ ಇಲ್ಲ. ಮೂಗಿನ ಕಡೆ ತಿರುಗಿಸಿದರೆ ಕಣ್ಣು ಸಣ್ಣದಾಗುತ್ತೆ. ಇದೂ ಅದೇನಾ?

ಉತ್ತರ: ಅಲ್ಲ, ನೀವು ಹೇಳುವುದು ಡ್ಯೂಯೇನ್ ಸಿಂಡ್ರೋಮ್ ಇದ್ದ ಹಾಗಿದೆ. ಅಲ್ಲಿ ಹುಟ್ಟುವಾಗ ಇಲ್ಲದಿರುವುದು ಕಣ್ಣನ್ನು ಹೊರಗಡೆ ತಿರುಗಿಸುವ ಆರನೇ ನರ. ಅದರ ಜಾಗಕ್ಕೆ, ಕಣ್ಣನ್ನು ಮೂಗಿನ ಕಡೆ ತಿರುಗಿಸುವ ಮೂರನೇ ನರದ ಕವಲೊಂದು ದಾರಿ ತಪ್ಪಿ ಬಂದಿರುತ್ತೆ. ಹಾಗಾಗಿ ಎರಡು ಸ್ನಾಯು ಒಟ್ಟಿಗೆ ಎಳೆದು ಕಣ್ಣುಗುಡ್ಡೆ ಒಳಗೆ ಹೋಗುತ್ತೆ, ರೆಪ್ಪೆ ಕಿರಿದಾಗುತ್ತೆ. ಎಡಗಣ್ಣಿನಲ್ಲೇ ಜಾಸ್ತಿ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಎರಡೂ ರೆಪ್ಪೆ ಜೋತುಬಿದ್ದು, ಕಣ್ಣು ಮೇಲೇಳದೆ, ಗಲ್ಲ ಎತ್ತಿ ನೋಡುವ ಕುಟುಂಬಗಳೂ ಇವೆ. ಅದು ಬೇರೆ ಕಾಯಿಲೆ. ಅದಕ್ಕೆ ಕಾರಣವಾದ ಕೆಐಎಫ್21ಎ ಜೀನ್ 2003ರಲ್ಲಿ ಸಿಕ್ಕಿತು.

ಪ್ರಶ್ನೆ: ಆಪರೇಷನ್ ಬೇಕಾ? ದೊಡ್ಡವನಾದ ಮೇಲೆ ಮಾಡಿಸಿದರೆ ಆಗಲ್ವಾ?

ಉತ್ತರ: ವಾಲಿಕೆ ತೀರಾ ಕಡಿಮೆ ಇದ್ದರೆ ಸುಮ್ನೆ ಗಮನಿಸುತ್ತೇವೆ. ನಿಮ್ಮ ಮಗನದು ಯಾವಾಗಲೂ ಇದೆ ಅಂತೀರಿ, ಅದಕ್ಕೆ ನನ್ನ ಒಲವು ಆಪರೇಷನ್ ಕಡೆಗೇ. ವರ್ಷಗಟ್ಟಲೆ ಒಂದೇ ಕಡೆ ವಾಲಿದರೆ ಆ ಬದಿಯ ಕೆನ್ನೆ ಸಣ್ಣದಾಗಿ ಮುಖ ಸೊಟ್ಟ ಕಾಣಬಹುದು, ಕತ್ತು ನಿಜಕ್ಕೂ ಬಿಗಿಯಬಹುದು. ಸಾಮಾನ್ಯವಾಗಿ ಅದೇ ಕಣ್ಣಿನ ಕೆಳಗಿನ ಓರೆ ಸ್ನಾಯುವನ್ನು ಸಡಿಲ ಮಾಡುತ್ತೇವೆ. ಮೇಲಿನದು ತೀರಾ ಸಡಿಲವಾಗಿದ್ದರೆ ಅದನ್ನು ಬಿಗಿ ಮಾಡುತ್ತೇವೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ಕಣ್ಣುಗುಡ್ಡೆ ಹೊರತೆಗೆಯುತ್ತಾರೆ ಅನ್ನುವುದು ಶುದ್ಧ ಸುಳ್ಳು, ಇದನ್ನು ವಾರಕ್ಕೊಬ್ಬರಾದರೂ ಕೇಳುತ್ತಾರೆ. ನರ ಹೊಸದಾಗಿ ಬರುವುದಿಲ್ಲ, ಕೆಲವರಿಗೆ ಸ್ವಲ್ಪ ವಾಲಿಕೆ ಉಳಿಯುತ್ತೆ, ಎರಡನೇ ಆಪರೇಷನ್ ಬೇಕಾದವರೂ ಇದ್ದಾರೆ. ಬೆಂಗಳೂರಿಗೆ ಬರುವುದಾದರೆ ಸರ್ಕಾರಿ ಮಿಂಟೋ ಆಸ್ಪತ್ರೆ ಇದೆ. ಎಲ್ಲೇ ಹೋದರೂ ಮೆಳ್ಳೆಗಣ್ಣು ನೋಡುವ ವೈದ್ಯರನ್ನೇ ಕೇಳಿ.

ಪ್ರಶ್ನೆ: ಯಜಮಾನರಿಗೆ ಇತ್ತೀಚೆಗೆ ಸಂಜೆ ಬೈಕ್ ಓಡಿಸುವಾಗ ಎದುರಿನ ಲೈಟ್ ಎರಡೆರಡು ಕಾಣುತ್ತಂತೆ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು! ಹುಟ್ಟಿನಿಂದ ಇರುವವರು ಮೇಲೆ ಕೆಳಗಿನ ವ್ಯತ್ಯಾಸವನ್ನು ನಮ್ಮ ನಿಮಗಿಂತ ಎಷ್ಟೋ ಪಟ್ಟು ಜಾಸ್ತಿ ಸರಿದೂಗಿಸುತ್ತಾರೆ. ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತೆ, ದಣಿದಾಗ ಎರಡು ಕಾಣುತ್ತೆ. ವ್ಯತ್ಯಾಸ ಕಡಿಮೆ ಇದ್ದರೆ ಪ್ರಿಸಂ ಕನ್ನಡಕ (ಬೆಳಕನ್ನು ಬಾಗಿಸಿ ಎರಡು ಚಿತ್ರ ಕೂಡಿಸುವ ಗಾಜು) ಸಾಕು. ಹಳೆಯ ಫೋಟೋಗಳನ್ನು, ಶಾಲೆಯದೂ ಸೇರಿಸಿ, ತೆಗೆದುಕೊಂಡು ಹೋಗಲಿ. ಚಿಕ್ಕಂದಿನಲ್ಲೂ ತಲೆ ವಾಲಿದ್ದರೆ ಇದು ಹಳೆಯದು ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಎರಡು ಕಾಣುವುದು ದಿಢೀರನೆ ಶುರುವಾಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ತಲೆನೋವು, ತೊದಲು, ನಡಿಗೆಯಲ್ಲಿ ತೂಗಾಟ ಇದ್ದರೆ ಫೋಟೋ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಪರೀಕ್ಷೆ ಆಗುವವರೆಗೆ ಬೈಕ್ ಬೇಡ, ಬಸ್ಸಲ್ಲಿ ಓಡಾಡಲಿ.