ಒಂದೇ ಬ್ಯಾಚ್‌ನ ಮೂರು ಕ್ಯೂಬ್, ಒಂದರ ರಿಸಲ್ಟ್ ಮಾತ್ರ ತುಂಬಾ ಕಡಿಮೆ

ಪ್ರಶ್ನೆ: ಸೈಟ್ ಲ್ಯಾಬ್‌ಗೆ ಸೇರಿ ಎರಡು ತಿಂಗಳಾಯಿತು. ಎಂ25 (28 ದಿನಕ್ಕೆ ಚದರ ಮಿ.ಮೀ.ಗೆ 25 ನ್ಯೂಟನ್ ತಡೆಯಬೇಕಾದ) ಕಾಂಕ್ರೀಟ್‌ನ 28 ದಿನದ ಕ್ಯೂಬ್‌ಗಳನ್ನು ಸಿಟಿಎಂನಲ್ಲಿ (ಕ್ಯೂಬ್ ಒತ್ತಿ ಶಕ್ತಿ ಅಳೆಯುವ ಯಂತ್ರ) ಒಡೆದೆ. ಚದರ ಮಿ.ಮೀ.ಗೆ 31, 30 ಬಂತು, ಮೂರನೆಯದು ಬರೀ 22 ನ್ಯೂಟನ್. ಅದು ಒಂದು ಮೂಲೆಯಲ್ಲಿ ಮಾತ್ರ ಒಡೆದಿದೆ. ಮಿಕ್ಸ್ ತಪ್ಪಾ, ನಾನು ಇಟ್ಟಿದ್ದು ತಪ್ಪಾ?

ಉತ್ತರ 1: ಮೂಲೆ ಒಡೆದಿದೆ ಅಂದರೆ ಲೋಡ್ ಒಂದೇ ಕಡೆ ಬಿದ್ದಿದೆ. ಕರಣೆಯಿಂದ ಸವರಿದ ಮುಖ ಎಷ್ಟೇ ನುಣುಪಾಗಿ ಕಂಡರೂ ಸಮತಟ್ಟಾಗಿರುವುದಿಲ್ಲ, ಅದನ್ನು ಯಂತ್ರದ ಪ್ಲೇಟ್‌ಗೆ ತಾಗಿಸಬೇಡಿ, ಪಕ್ಕಕ್ಕೆ ತಿರುಗಿಸಿ, ಅಚ್ಚಿನ ಗೋಡೆಗೆ ತಾಗಿದ್ದ ಮುಖಗಳು ಮೇಲೆ ಕೆಳಗೆ ಬರಲಿ. ಹಿಂದಿನ ಕ್ಯೂಬ್‌ನ ಚೂರು, ಮರಳು ಪ್ಲೇಟ್ ಮೇಲೆ ಉಳಿದಿದ್ದರೂ ಹೀಗೇ ಆಗುತ್ತದೆ. ಪ್ರತಿ ಸಲ ಒರೆಸಿ. ಸರಿಯಾಗಿ ಕೂತರೆ ನಾಲ್ಕು ಪಕ್ಕವೂ ಹೆಚ್ಚುಕಡಿಮೆ ಒಂದೇ ರೀತಿ ಉದುರಿ, ನಡುವೆ ಡಮರುಗದ ಹಾಗೆ ಉಳಿಯುತ್ತದೆ.

ಉತ್ತರ 2: ಲೋಡ್ ವೇಗವನ್ನೂ ನೋಡಿ. ಐಎಸ್ 516 (ಕಾಂಕ್ರೀಟ್ ಪರೀಕ್ಷೆಯ ಭಾರತೀಯ ಮಾನದಂಡ) ಪ್ರಕಾರ ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್. 150 ಮಿ.ಮೀ. ಕ್ಯೂಬ್‌ಗೆ ಅದು ಸೆಕೆಂಡಿಗೆ 5.25 ಕಿಲೋನ್ಯೂಟನ್. ಬೇಗ ಮುಗಿಸಬೇಕು ಅಂತ ವೇಗ ಜಾಸ್ತಿ ಮಾಡಿದರೆ ಶಕ್ತಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಇನ್ನೊಂದು, ಒಂದು ಕ್ಯೂಬ್ ಮೂರರ ಸರಾಸರಿಯಿಂದ ಶೇ. 15ಕ್ಕಿಂತ ಆಚೆ ಹೋದರೆ ಆ ಸ್ಯಾಂಪಲ್ ರಿಸಲ್ಟ್ ನಿಲ್ಲುವುದಿಲ್ಲ. ನಿಮ್ಮದು ಶೇ. 20 ಆಚೆ ಇದೆ, ಅಲ್ವಾ? ಸುಮ್ನೆ ಸರಾಸರಿ ಬರೆದು ಕಳಿಸಬೇಡಿ, ಇಂಜಿನಿಯರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ.

ಪ್ರಶ್ನೆ ಕೇಳಿದವರು: ಫೋಟೋ ತೆಗೆದು ನೋಡಿದೆ, ಸವರಿದ ಮುಖವೇ ಮೇಲಿತ್ತು. ಇಂದೇ ಹೇಳುತ್ತೇನೆ. ತುಂಬಾ ಥ್ಯಾಂಕ್ಸ್.