ಐರನ್ 883: ರೀಮ್ಯಾಪ್ ಆದ ಮೇಲೆ ಇಂಜಿನ್ ಲೈಟ್, ಪಿ0131 ಮತ್ತು ಪಿ0152 ಒಟ್ಟಿಗೆ ಬರ್ತಿವೆ

ಮಂಡ್ಯ_ವಿಟ್ವಿನ್:
ಗಾಡಿ ಹಾರ್ಲೆ ಐರನ್ 883 ಬೈಕ್, 2016ರ ಮಾಡೆಲ್. ಹೈ ಫ್ಲೋ ಏರ್ ಫಿಲ್ಟರ್ ಹಾಕಿದೆ. ಬೆಂಡ್ ಪೈಪ್ (ಸಿಲಿಂಡರ್‌ನಿಂದ ಹೊರಬರೋ ಪೈಪ್) ಸಮೇತ ಪೂರ್ತಿ ಎಕ್ಸಾಸ್ಟ್ ಬದಲಾಗಿದೆ, ಹೊಗೆಯಲ್ಲಿರೋ ಆಕ್ಸಿಜನ್ ಅಳೆಯೋ ಹಳೇ ಆಕ್ಸಿಜನ್ ಸೆನ್ಸರ್‌ಗಳನ್ನೇ (ಸಿಲಿಂಡರ್‌ಗೆ ಒಂದೊಂದು) ಹೊಸ ಪೈಪಿಗೆ ಕೂರಿಸಿದ್ದಾರೆ. ಅದಕ್ಕೆ ತಕ್ಕ ಮ್ಯಾಪ್ (ಎಷ್ಟು ಪೆಟ್ರೋಲ್ ಕೊಡಬೇಕು ಅನ್ನೋ ಲೆಕ್ಕ) ಇಸಿಯುಗೆ, ಅಂದರೆ ಇಂಜಿನ್ ಕಂಪ್ಯೂಟರ್‌ಗೆ, ಫ್ಲ್ಯಾಶ್ ಆಗಿದೆ.

ತಣ್ಣಗಿದ್ದಾಗ ಸ್ಟಾರ್ಟಿಂಗ್, ಐಡಲಿಂಗ್ ಎರಡೂ ಸರಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಲೈಟ್ ಹತ್ತುತ್ತೆ. 60ರ ಆಸುಪಾಸಿನಲ್ಲಿ ಒಂದೇ ಥ್ರಾಟಲ್ ಹಿಡಿದು ಹೋಗುವಾಗ ಗಾಡಿ ಎಳೆದೂ ಬಿಟ್ಟೂ ಮಾಡಿದ ಹಾಗೆ ಓಡುತ್ತೆ. ಟ್ರಿಪ್ ಬಟನ್ ಒತ್ತಿ ಹಿಡಿದು ಇಗ್ನಿಷನ್ ಆನ್ ಮಾಡಿ ಕೋಡ್ ನೋಡಿದರೆ ಪಿ0131, ಪಿ0152. ಅಳಿಸಿದರೂ ಮತ್ತೆ ಅವೇ. ಸೆನ್ಸರ್ ಎರಡೂ ಹೋಗಿದೆಯಾ? ಎರಡೂ ಹೊಸದು ತರಿಸೋಕೆ ಮೊದಲು ಕೇಳೋಣ ಅಂತ.

ಫುಲ್‌ಥ್ರಾಟಲ್_ಶಿವಮೊಗ್ಗ:
ಪೈಪ್ ಚೇಂಜ್ ಮಾಡಿದ ಮೇಲೆ ಈ ಕೋಡ್ ಬರೋದು ಮಾಮೂಲಿ ಗುರು. ಮ್ಯಾಪ್ ಮಾಡಿದವರ ಹತ್ರ ಹೇಳಿ ಆ ಎರಡು ಕೋಡ್ ಆಫ್ ಮಾಡಿಸಿಬಿಡಿ, ಲೈಟ್ ಬರಲ್ಲ.

ಸ್ಪ್ಯಾನರ್‌14:
ದಯವಿಟ್ಟು ಆಫ್ ಮಾಡಿಸಬೇಡಿ. ಇಲ್ಲಿ ಲೈಟ್ ಸರಿಯಾದದ್ದನ್ನೇ ಹೇಳ್ತಿದೆ.

ಕೋಡ್‌ಗಳನ್ನು ಜೋಡಿಯಾಗಿ ಓದಿ. ಈ ಗಾಡಿಯಲ್ಲಿ ಪಿ0131 ಅಂದರೆ ಮುಂದಿನ ಸಿಲಿಂಡರ್ ಸೆನ್ಸರ್ ವೋಲ್ಟೇಜ್ ಕಮ್ಮಿ, ಅಂದರೆ ಲೀನ್ (ಗಾಳಿಗೆ ಪೆಟ್ರೋಲ್ ಸಾಲದು). ಪಿ0152 ಅಂದರೆ ಹಿಂದಿನದ್ದು ಜಾಸ್ತಿ, ಅಂದರೆ ರಿಚ್ (ಪೆಟ್ರೋಲ್ ಹೆಚ್ಚಾಯ್ತು). ಮ್ಯಾಪ್ ಒಟ್ಟಾರೆ ತಪ್ಪಿದ್ದರೆ ಸಾಮಾನ್ಯವಾಗಿ ಎರಡೂ ಒಂದೇ ಕಡೆ ವಾಲುತ್ತವೆ. ಒಂದು ಲೀನ್, ಇನ್ನೊಂದು ರಿಚ್, ಅದೂ ಬಿಸಿಯಾದ ಮೇಲೆ ಮಾತ್ರ, ಅದೂ ಪೈಪ್ ಬಿಚ್ಚಿ ಹಾಕಿದ ಮೇಲೆ. ಮೊದಲ ಅನುಮಾನ ಸೆನ್ಸರ್ ಕನೆಕ್ಟರ್ ಅದಲು ಬದಲಾಗಿರೋದು. ಮುಂದಿನ ಪೈಪಿನ ಸೆನ್ಸರ್ ಹಿಂದಿನ ವೈರಿಂಗ್‌ಗೆ, ಹಿಂದಿನದು ಮುಂದಿನದಕ್ಕೆ.

ಹಾಗಾದಾಗ ನಡೆಯೋದು ಇಷ್ಟು. ಇಸಿಯುಗೆ "ಮುಂದಿನದು ಲೀನ್" ಅಂತ ಕಾಣುತ್ತೆ, ಮುಂದಿನ ಇಂಜೆಕ್ಟರ್‌ಗೆ ಪೆಟ್ರೋಲ್ ಜಾಸ್ತಿ ಮಾಡುತ್ತೆ. ಆದರೆ ಆ ಓದು ಬರ್ತಿರೋದು ಹಿಂದಿನ ಸಿಲಿಂಡರ್‌ನಿಂದ, ಅಲ್ಲಿ ಏನೂ ಬದಲಾಗಲ್ಲ. ಮತ್ತೆ ಜಾಸ್ತಿ ಮಾಡುತ್ತೆ. ಆ ಕಡೆ ಹಿಂದಿನದಕ್ಕೆ ಕಡಿಮೆ ಮಾಡ್ತಾನೇ ಹೋಗುತ್ತೆ. ತಿದ್ದುಪಡಿಯ ಮಿತಿ ಮುಟ್ಟಿದಾಗ ಕೋಡ್. ತಣ್ಣಗಿದ್ದಾಗ ಇಸಿಯು ಸೆನ್ಸರ್ ಮಾತು ಕೇಳೋದೇ ಇಲ್ಲ, ಮ್ಯಾಪಿನಲ್ಲಿರೋ ಟೇಬಲ್ ಪ್ರಕಾರ ಪೆಟ್ರೋಲ್ ಕೊಡುತ್ತೆ, ಹಾಗಾಗಿ ಆಗ ಎಲ್ಲ ಸರಿ ಕಾಣುತ್ತೆ.

ಪರೀಕ್ಷೆಗೆ ದುಡ್ಡು ಬೇಕಿಲ್ಲ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಮುಂದಿನದು ಮಸಿ ಹಿಡಿದು ಕಪ್ಪಗೆ, ಹಿಂದಿನದು ಸುಣ್ಣದ ಹಾಗೆ ಬೆಳ್ಳಗೆ ಇದ್ದರೆ ಅನುಮಾನ ಬಲವಾಯ್ತು. ಗಮನಿಸಿ, ಕೋಡ್ ಹೇಳೋದಕ್ಕೆ ಇದು ಪೂರ್ತಿ ಉಲ್ಟಾ. ಆಮೇಲೆ ಇಗ್ನಿಷನ್ ಆಫ್ ಮಾಡಿ ಮುಂದಿನ ಪೈಪಿನ ಸೆನ್ಸರ್ ವೈರನ್ನು ಕೈಯಲ್ಲಿ ಹಿಡಿದು ಕನೆಕ್ಟರ್‌ವರೆಗೂ ಹೋಗಿ, ಅದನ್ನೊಂದನ್ನೇ ಬಿಚ್ಚಿ. ಕೋಡ್ ಅಳಿಸಿ, ಗಾಡಿ ಬಿಸಿಯಾಗೋವರೆಗೆ ಓಡಿಸಿ. ಪಿ0134 (ಮುಂದಿನ ಸೆನ್ಸರ್ ಸಿಗ್ನಲ್ ಇಲ್ಲ) ಬಂದರೆ ವೈರಿಂಗ್ ಸರಿ ಇದೆ. ಪಿ0154 (ಹಿಂದಿನದರ ಸಿಗ್ನಲ್ ಇಲ್ಲ) ಬಂದರೆ ಅದಲು ಬದಲು ಖಾತ್ರಿ. ಕನೆಕ್ಟರ್ ಬಣ್ಣ ನೋಡಿ ತೀರ್ಮಾನಿಸಬೇಡಿ, ಯಾರು ಯಾವಾಗ ಏನು ಕತ್ತರಿಸಿ ಸೇರಿಸಿದ್ದಾರೋ ಗೊತ್ತಾಗಲ್ಲ.

ಫುಲ್‌ಥ್ರಾಟಲ್ ಅವರೇ, ಏರ್ ಕೂಲ್ಡ್ ವಿ ಟ್ವಿನ್‌ನಲ್ಲಿ ಹಿಂದಿನ ಸಿಲಿಂಡರ್‌ಗೆ ಗಾಳಿ ಸಿಗೋದೇ ಕಮ್ಮಿ, ಮೊದಲೇ ಜಾಸ್ತಿ ಕಾಯುತ್ತೆ. ಈ ಕೇಸಲ್ಲಿ ಲೀನ್ ಓಡ್ತಿರೋದೂ ಅದೇ. ಕೋಡ್ ಮುಚ್ಚಿ ಓಡಿಸಿದರೆ ಡಿಟೊನೇಷನ್ (ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು) ಶುರುವಾಗಿ ಪಿಸ್ಟನ್ನಿಗೇ ಬರುತ್ತೆ.

ಮಂಡ್ಯ_ವಿಟ್ವಿನ್:
ಪ್ಲಗ್ ನೀವು ಹೇಳಿದ ಹಾಗೇ ಇದೆ ಸರ್. ಮುಂದಿನ ಕನೆಕ್ಟರ್ ಬಿಚ್ಚಿ ಓಡಿಸಿದರೆ ಪಿ0154. ಅದಲು ಬದಲಾಗಿ ಹಾಕಿದರೆ ಮುಗೀತಲ್ವಾ? ಇನ್ನೊಂದು ವಿಷಯ, ಫ್ಲ್ಯಾಶ್ ಆದ ಮೇಲೆ ಗಾಡಿ ಓಡಿಸಿ ಆಟೋಟ್ಯೂನ್ (ಸೆನ್ಸರ್ ಓದು ನೋಡಿ ಮ್ಯಾಪ್ ತಿದ್ದೋದು) ಕೂಡ ಮಾಡಿ, ಕಲಿತದ್ದನ್ನು ಮ್ಯಾಪಿಗೆ ಸೇರಿಸಿದ್ದಾರೆ.

ಸ್ಪ್ಯಾನರ್‌14:
ಆಟೋಟ್ಯೂನ್ ಆಗಿದೆ ಅಂದರೆ ಕನೆಕ್ಟರ್ ಬದಲಿಸಿದ ಮಾತ್ರಕ್ಕೆ ಮುಗಿಯಲ್ಲ. ಹೆಚ್ಚಿನವರು ಎಡವೋದು ಇಲ್ಲೇ.

ಮುಂದಿನ, ಹಿಂದಿನ ಸಿಲಿಂಡರ್‌ಗೆ ವಿಇ ಟೇಬಲ್ ಬೇರೆ ಬೇರೆ. ಪ್ರತಿ ಆರ್‌ಪಿಎಂ, ಪ್ರತಿ ಥ್ರಾಟಲ್‌ಗೆ ಸಿಲಿಂಡರ್ ಎಷ್ಟು ಗಾಳಿ ಎಳೆಯುತ್ತೆ ಅನ್ನೋ ಅಂದಾಜು ಅದರಲ್ಲಿರುತ್ತೆ. ಆಟೋಟ್ಯೂನ್ ಸೆನ್ಸರ್ ನಂಬಿ ಅದನ್ನೇ ತಿದ್ದುತ್ತೆ. ಸೆನ್ಸರ್ ತಿರುಗುಮುರುಗಾಗಿದ್ದಾಗ ಕಲಿತಿದ್ದರೆ ಮುಂದಿನ ಟೇಬಲ್ ಉಬ್ಬಿರುತ್ತೆ, ಹಿಂದಿನದು ಕುಗ್ಗಿರುತ್ತೆ. ಈಗ ವೈರ್ ಸರಿ ಮಾಡಿದರೆ ಕ್ರೂಸಿಂಗ್‌ನಲ್ಲಿ ಇಸಿಯು ಹೇಗೋ ಸಂಭಾಳಿಸುತ್ತೆ, ಇಲ್ಲವೇ ಪಿ0132 (ಮುಂದಿನದು ರಿಚ್), ಪಿ0151 (ಹಿಂದಿನದು ಲೀನ್) ಅಂತ ಕೋಡ್ ಜಾಗ ಬದಲಿಸಿ ಬರುತ್ತೆ. ಫುಲ್ ಥ್ರಾಟಲ್‌ನಲ್ಲಿ ಮಾತ್ರ ಸೆನ್ಸರ್ ತಿದ್ದುಪಡಿ ಇರಲ್ಲ, ಟೇಬಲ್ಲೇ ಗತಿ. ಅಲ್ಲಿ ಹಿಂದಿನ ಸಿಲಿಂಡರ್ ಲೀನಾಗಿಯೇ ಉಳಿಯುತ್ತೆ, ಲೈಟೂ ಹತ್ತದಿರಬಹುದು.

ಮೊದಲು ಕನೆಕ್ಟರ್ ಸರಿ ಮಾಡಿ, ಎರಡಕ್ಕೂ ಮುಂದೆ, ಹಿಂದೆ ಅಂತ ಟೇಪ್ ಸುತ್ತಿ ಗುರುತು ಹಾಕಿ. ಆಟೋಟ್ಯೂನ್‌ಗೆ ಮೊದಲಿದ್ದ ಮೂಲ ಮ್ಯಾಪನ್ನೇ ಮತ್ತೆ ಫ್ಲ್ಯಾಶ್ ಮಾಡಿಸಿ. ಅದರ ಜೊತೆ ಅಡಾಪ್ಟಿವ್ ಫ್ಯೂಯೆಲ್ (ಇಸಿಯು ಓಡುತ್ತಾ ಕಲಿತ ತಿದ್ದುಪಡಿ) ಸೊನ್ನೆಗೆ ತರಿಸಿ, ಇಲ್ಲದಿದ್ದರೆ ಹಳೇ ತಪ್ಪು ಪಾಠ ಇಸಿಯು ನೆನಪಿನಲ್ಲೇ ಕೂತಿರುತ್ತೆ. ಹೊಸ ಪ್ಲಗ್ ಹಾಕಿ, ಆಮೇಲೆ ಆಟೋಟ್ಯೂನ್ ಹೊಸದಾಗಿ. ಫ್ಲ್ಯಾಶ್ ಮಾಡುವಾಗ ಬ್ಯಾಟರಿ 12.5 ವೋಲ್ಟ್‌ಗಿಂತ ಮೇಲಿರಲಿ. ಇಗ್ನಿಷನ್ ಆನ್ ಆದ ಕೂಡಲೇ ಹೆಡ್‌ಲೈಟ್ ಉರಿಯೋ ಗಾಡಿ ಇದು, ಅದರ ಫ್ಯೂಸ್ ತೆಗೆದಿಡಿ.

ಸೆನ್ಸರ್ ಹೊಸದು ಬೇಡ. ನಿಮ್ಮ ಸೆನ್ಸರ್‌ಗಳು ಕೆಲಸ ಮಾಡ್ತಿರೋದಕ್ಕೇ ಈ ಕೋಡ್ ಬಂದಿರೋದು.

ಬೆಂಡ್‌ಪೈಪ್_ಹುಬ್ಬಳ್ಳಿ:
ಆಟೋಟ್ಯೂನ್‌ಗೆ ಮೊದಲು ಬೆಂಡ್ ಪೈಪ್ ಲೀಕ್ ನೋಡಿಬಿಡ್ರಿ. ಸಿಲಿಂಡರ್ ಹೆಡ್ ಹತ್ತಿರದ ಗ್ಯಾಸ್ಕೆಟ್ ಹಳೇದನ್ನೇ ಮತ್ತೆ ಹಾಕಿದ್ರ ಕೂಡ್ರಂಗಿಲ್ಲ. ಎಕ್ಸಾಸ್ಟ್ ಬಡಿತದ ನಡುವೆ ಹೊರಗಿನ ಗಾಳಿ ಒಳಗ ಎಳಕೊಂಡ್ರ ಸೆನ್ಸರ್ ಆ ಆಕ್ಸಿಜನ್ ನೋಡಿ ಲೀನ್ ಅಂತೈತಿ, ಆಟೋಟ್ಯೂನ್ ಸುಮ್ಮನ ಪೆಟ್ರೋಲ್ ಸುರೀತೈತಿ. ಇಂಜಿನ್ ತಣ್ಣಗಿದ್ದಾಗ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿದ ಕೂಡಲೇ ಗುಳ್ಳಿ ಏಳ್ತಾವೇನು ನೋಡ್ರಿ. ಲೀಕ್ ಮುಚ್ಚಾಕ ಸಿಲಿಕಾನ್ ಸೀಲಂಟ್ ಮಾತ್ರ ಬ್ಯಾಡ, ಅದರ ಹೊಗಿ ಸೆನ್ಸರ್ ಕೊಲ್ತೈತಿ.

ಮತ್ತ ಮೂಲ ಮ್ಯಾಪ್ ಅಮೆರಿಕದ್ದಿದ್ರ ಅದು ಇ10 (10 ಪರ್ಸೆಂಟ್ ಎಥೆನಾಲ್ ಬೆರೆಸಿದ) ಪೆಟ್ರೋಲ್ ಲೆಕ್ಕದ್ದು ಇರ್ಬಹುದು. ಇ10ಕ್ಕ ಸಮತೋಲದ ಗಾಳಿ ಪ್ರಮಾಣ (ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ, ತೂಕದ ಲೆಕ್ಕದಾಗ) ಸುಮಾರು 14.1, ನಮ್ಮ ಇ20ಗೆ ಸುಮಾರು 13.5. ನಾಲ್ಕು ಪರ್ಸೆಂಟ್ ಆಸುಪಾಸು ಲೀನ್ ಅಲ್ಲೇ ಆತು. ಕ್ರೂಸಿಂಗ್‌ನಾಗ ಸೆನ್ಸರ್ ತಿದ್ದತೈತಿ, ಫುಲ್ ಥ್ರಾಟಲ್ ಟೇಬಲ್ ಮಾತ್ರ ಕೈಯಿಂದನ ಏರಿಸಬೇಕು. ಮ್ಯಾಪ್ ಮಾಡೋರಿಗೆ ಇದನ್ನ ಬಾಯಿಬಿಟ್ಟು ಹೇಳ್ರಿ.

ಮಂಡ್ಯ_ವಿಟ್ವಿನ್:
ಇಬ್ಬರಿಗೂ ಥ್ಯಾಂಕ್ಸ್. ಮ್ಯಾಪ್ ಮಾಡೋ ಜಾಗ ಬೆಂಗಳೂರಲ್ಲಿದೆ. ಮಂಡ್ಯದಿಂದ ಓಡಿಸಿಕೊಂಡು ಹೋಗಬಹುದಾ? ಹೋಗೋಕೆ ಮುಂಚೆ ಸೆನ್ಸರ್ ಎರಡೂ ಬಿಚ್ಚಿಡಲಾ?

ಸ್ಪ್ಯಾನರ್‌14:
ಬಿಚ್ಚಿಡಬೇಡಿ. ಬಿಚ್ಚಿದರೆ ಇಸಿಯು ಪೂರ್ತಿ ಟೇಬಲ್ ಮೇಲೇ ಓಡುತ್ತೆ, ನಿಮ್ಮ ಟೇಬಲ್ಲೇ ಈಗ ಕೆಟ್ಟಿದೆ. ಕನೆಕ್ಟರ್ ಸರಿ ಜಾಗಕ್ಕೆ ಹಾಕಿ, ಕೋಡ್ ಅಳಿಸಿ, ಅರ್ಧ ಥ್ರಾಟಲ್ ದಾಟದೆ ನಿಧಾನಕ್ಕೆ ಹೋಗಿ. ಕಡಿಮೆ ಗೇರಿನಲ್ಲಿ ಎಳೆಯುವಾಗ ಟಿಣ್ ಟಿಣ್ ಅಂತ ಸದ್ದು ಬಂದರೆ, ಅದೇ ಡಿಟೊನೇಷನ್, ಅಲ್ಲೇ ನಿಲ್ಲಿಸಿ, ಮುಂದಕ್ಕೆ ಟೆಂಪೋದಲ್ಲಿ ಹಾಕಿಕೊಂಡು ಹೋಗಿ. ಲ್ಯಾಪ್‌ಟಾಪ್ ಕೇಬಲ್ ನಿಮ್ಮ ಹತ್ತಿರವೇ ಇದ್ದರೆ ಮೂಲ ಮ್ಯಾಪ್ ಫೈಲ್ ಮೇಲ್‌ನಲ್ಲಿ ತರಿಸಿಕೊಂಡು ಮನೆಯಲ್ಲೇ ಫ್ಲ್ಯಾಶ್ ಮಾಡಿ ಹೊರಡೋದು ಇನ್ನೂ ಒಳ್ಳೇದು.